ಏಳು ತಿಂಗಳ ಮಗು, ಎರಡು ಸಭೆ

ಓದುಗರೊಬ್ಬರ ಪತ್ರದ ಸಾರ: "ನಾನು ಸಿ.ಎಸ್.ಐ. (ದಕ್ಷಿಣ ಭಾರತದ ಸಭೆ) ಸಭೆಯಲ್ಲಿ ಬೆಳೆದವಳು. ಮೂರು ತಿಂಗಳ ಕೂಸಾಗಿದ್ದಾಗ ನನಗೆ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಆಗಿದೆ. ಮದುವೆಯಾದ ಮೇಲೆ ಅತ್ತೆಮನೆಯವರೊಂದಿಗೆ ಪೆಂತೆಕೊಸ್ತ್ ಸಭೆಗೆ ಹೋಗುತ್ತೇನೆ. ಈಗ ನಮಗೆ ಏಳು ತಿಂಗಳ ಮಗಳಿದ್ದಾಳೆ. ‘ಈ ಸಲ ತವರಿಗೆ ಬಂದಾಗ ಸದ್ದಿಲ್ಲದೆ ಮಾಡಿಸಿಬಿಡೋಣ’ ಎನ್ನುತ್ತಾರೆ ಅಮ್ಮ. ‘ಮಗುವಿಗೆ ಬೇಡ. ನಿನಗೆ ಆಗಿರುವುದೂ ದೀಕ್ಷಾಸ್ನಾನವಲ್ಲ, ಬರೀ ನೀರು ಚಿಮುಕಿಸಿದ್ದು. ಮೊದಲು ನೀನು ಮುಳುಗಿ ತೆಗೆದುಕೋ’ ಎನ್ನುತ್ತಾರೆ ಮಾವ. ಸತ್ಯವೇದದ ಪ್ರಕಾರ ಯಾರು ಸರಿ? ಮಗುವಿಗೆ ಬೇಗ ಶೀತವಾಗುತ್ತದೆ. ಮಾಡಿಸುವುದೇ ಆದರೆ ನೀರು ಬೆಚ್ಚಗಿರಬಹುದೇ?"

ಪ್ರಿಯ ಸಹೋದರಿ,

ನಿಮ್ಮ ಪತ್ರ ಬಂದು ಮೂರು ವಾರವಾಯಿತು. ಒಂದಿಷ್ಟು ವಚನಗಳನ್ನು ಪಟ್ಟಿ ಮಾಡಿ ಕಳಿಸಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಅಂಥ ಪಟ್ಟಿ ನಿಮ್ಮ ಮಾವನವರ ಬಳಿ ಒಂದಿದೆ, ತವರಿನ ಸಭಾಪಾಲಕರ ಬಳಿ ಇನ್ನೊಂದಿದೆ. ಎರಡರಲ್ಲೂ ಸತ್ಯವೇದದ ಅಪೊಸ್ತಲರ ಕೃತ್ಯಗಳು ಪುಸ್ತಕದ 16ನೆಯ ಅಧ್ಯಾಯ ಇದ್ದೇ ಇರುತ್ತದೆ ಎಂಬುದು ಈ ಜಗಳದ ತಮಾಷೆ.

ಫಿಲಿಪ್ಪಿಯ ಸೆರೆಮನೆಯ ಯಜಮಾನ ನಡುರಾತ್ರಿಯಲ್ಲಿ ಪೌಲ ಸೀಲರ ಬಾಸುಂಡೆಗಳನ್ನು ತೊಳೆದು, ಆ ಹೊತ್ತಿನಲ್ಲೇ ತನ್ನವರೆಲ್ಲರೊಂದಿಗೆ ದೀಕ್ಷಾಸ್ನಾನ ಮಾಡಿಸಿಕೊಳ್ಳುತ್ತಾನೆ. ಅದೇ ಊರಿನಲ್ಲಿ ಧೂಮ್ರವರ್ಣದ ವಸ್ತ್ರ ಮಾರುತ್ತಿದ್ದ ಲುದ್ಯಳೂ ಅಷ್ಟೇ, ತಾನು ಮತ್ತು ತನ್ನ ಮನೆಯವರು. ಈ ‘ಮನೆಯವರು’ ಯಾರು? ಕನ್ನಡದಲ್ಲೇ ಈ ಪದ ಕೈಗೆ ಸಿಗದೆ ಜಾರುತ್ತದೆ; ‘ನಮ್ಮ ಮನೆಯವರು’ ಎಂದು ನೀವು ಬರೆದರೆ ಅದು ಒಬ್ಬರೇ ಒಬ್ಬರು, ನಿಮ್ಮ ಗಂಡ. ಅಂದಿನ ಮನೆಯಲ್ಲಾದರೋ ಮಕ್ಕಳು, ಆಳುಗಳು, ದಾಸರು ಎಲ್ಲರೂ ಸೇರಿದ್ದರು. ಅಷ್ಟು ಮನೆಗಳಲ್ಲಿ ಒಂದರಲ್ಲೂ ತೊಟ್ಟಿಲು ತೂಗುತ್ತಿರಲಿಲ್ಲವೇ ಎಂದು ಒಂದು ಪಕ್ಷ ಕೇಳುತ್ತದೆ. ಇನ್ನೊಂದು ಪಕ್ಷ ಹಿಂದುಮುಂದಿನ ವಚನಗಳಿಗೆ ಬೆರಳಿಡುತ್ತದೆ: ಮನೆಯವರೆಲ್ಲರಿಗೂ ವಾಕ್ಯ ಹೇಳಲಾಯಿತು, ಮನೆಯವರೆಲ್ಲರೊಂದಿಗೆ ಆತ ಸಂತೋಷಪಟ್ಟ, ತೊಟ್ಟಿಲ ಕೂಸು ವಾಕ್ಯ ಕೇಳಿ ನಂಬೀತೇ? ನನಗೆ ಕಾಣುವ ಮಟ್ಟಿಗೆ, ಆ ಪುಸ್ತಕ ಬರೆದ ಲೂಕನಿಗೆ ಈ ಪ್ರಶ್ನೆ ಹುಟ್ಟಿಯೇ ಇರಲಿಲ್ಲ. ಅವನು ಬರೆಯುತ್ತಿದ್ದದ್ದು ಮೊದಲ ತಲೆಮಾರಿನ ಕಥೆ.

ಪ್ರಶ್ನೆ ಏಳುವುದು ನಂಬಿದವರಿಗೆ ಮಕ್ಕಳಾದಾಗ. ನಮ್ಮ ಕರಾವಳಿಯಲ್ಲೂ ಹೀಗೆಯೇ ಆಯಿತು. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. 1844ರಲ್ಲಿ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದು ಹರ್ಮನ್ ಆದಾಗ ಆತ ತನ್ನ ಬಾಯಲ್ಲೇ ನಂಬಿಕೆ ಹೇಳಬಲ್ಲ ಯುವಕ. ಅದೇ ಮಿಷನ್ನಿನ ಸಭೆಗಳಲ್ಲಿ, ಕ್ರೈಸ್ತ ಮನೆಗಳಲ್ಲೇ ಹುಟ್ಟಿದವರು ಕೂಸುಗಳಾಗಿದ್ದಾಗಲೇ ಬೋಗುಣಿಯ ಮುಂದೆ ಬಂದರು.

ಹಳೆಯ ಸಭೆಯೂ ಒಂದೇ ಬಾಯಲ್ಲಿ ಮಾತಾಡಿದ್ದಲ್ಲ. ಸುಮಾರು 200ನೆಯ ಇಸವಿಯಲ್ಲಿ ಆಫ್ರಿಕಾದ ಕಾರ್ಥೇಜಿನಲ್ಲಿ ತೆರ್ತುಲ್ಯನ್ ಎಂಬ ಕ್ರೈಸ್ತ ಲೇಖಕ, ಮಕ್ಕಳಿಗೆ ಅವಸರ ಬೇಡ, ಕ್ರಿಸ್ತನನ್ನು ಅರಿಯುವಷ್ಟು ಬೆಳೆಯಲಿ ಎಂದ. ಬೇಡ ಎನ್ನಬೇಕಾದರೆ ಆಗಲೇ ಕೆಲವರು ಮಾಡಿಸುತ್ತಿದ್ದರು ಎಂದಾಯಿತಲ್ಲ. ಅವನನ್ನು ತಮ್ಮ ಕಡೆಗೆ ಎಳೆದುಕೊಳ್ಳುವವರು ಒಂದು ಮಾತನ್ನು ಮರೆಯುತ್ತಾರೆ: ಮದುವೆಯಾಗದವರೂ ಕಾಯಲಿ ಎಂದು ಅದೇ ಉಸಿರಿನಲ್ಲಿ ಹೇಳಿದ್ದಾನೆ. ಅರ್ಧ ಶತಮಾನ ಕಳೆದ ಮೇಲೆ ಅದೇ ಊರಿನ ಬಿಷಪ್ ಸಿಪ್ರಿಯನ್ ಮತ್ತು ಸಂಗಡಿಗರು, ಕೂಸು ಹುಟ್ಟಿದ ಎಂಟನೆಯ ದಿನದವರೆಗೂ ಕಾಯುವ ಅಗತ್ಯವಿಲ್ಲ ಎಂದು ತೀರ್ಮಾನಿಸಿದರು. ಇನ್ನು ಅಗಸ್ಟೀನ್. ಬಾಲ್ಯದಲ್ಲಿ ಕಾಯಿಲೆ ಬಿದ್ದು ದೀಕ್ಷಾಸ್ನಾನ ಬೇಡಿದ. ವಾಸಿಯಾದ ಕೂಡಲೇ ತಾಯಿ ಮೋನಿಕಾ ಮುಂದೂಡಿದಳು. ಕೊನೆಗೆ ಆದದ್ದು 387ರ ಈಸ್ಟರಿನಲ್ಲಿ, ಮಿಲಾನಿನಲ್ಲಿ, ಮೂವತ್ತು ದಾಟಿದ ಮೇಲೆ. ಮಕ್ಕಳ ದೀಕ್ಷಾಸ್ನಾನದ ಪರವಾಗಿ ಪಶ್ಚಿಮದ ಸಭೆಗೆ ಅತಿ ಬಲವಾದ ವಾದ ಕಟ್ಟಿಕೊಟ್ಟವನು ಇವನೇ.

ನಿಮ್ಮ ಮಾವನವರ ನಿಲುವನ್ನು ‘ಇತ್ತೀಚಿನವರ ಹೊಸ ಬೋಧನೆ’ ಎಂದು ತವರಿನಲ್ಲಿ ಯಾರಾದರೂ ತಳ್ಳಿಹಾಕಿದರೆ ಒಪ್ಪಬೇಡಿ. ಆ ನಿಲುವಿಗಾಗಿ ಪ್ರಾಣ ಕೊಟ್ಟವರಿದ್ದಾರೆ. 1525ರ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ ನಗರಸಭೆ, ದೀಕ್ಷಾಸ್ನಾನವಾಗದ ಮಕ್ಕಳಿಗೆಲ್ಲ ಎಂಟು ದಿನಗಳಲ್ಲಿ ಮಾಡಿಸಿ, ಇಲ್ಲವೇ ಊರು ಬಿಡಿ ಎಂದು ಆಜ್ಞೆ ಹೊರಡಿಸಿತು. ಕೊನ್ರಾಡ್ ಗ್ರೇಬೆಲ್ ಎಂಬಾತನ ಮನೆಯಲ್ಲಿ ಆಗ ಎರಡು ವಾರದ ಹೆಣ್ಣುಕೂಸಿತ್ತು. ಆತ ಮಗುವಿಗೆ ಮಾಡಿಸಲಿಲ್ಲ. ಬದಲಿಗೆ 21ರ ರಾತ್ರಿ ಗೆಳೆಯ ಫೆಲಿಕ್ಸ್ ಮಾಂಜ್‌ನ ಮನೆಯಲ್ಲಿ ಇನ್ನೊಬ್ಬ ಬೆಳೆದ ಗಂಡಸಿಗೆ ಮಾಡಿಸಿದ. ಎರಡು ವರ್ಷದೊಳಗೆ, 1527ರ ಜನವರಿ 5ರಂದು, ಅದೇ ಮಾಂಜ್‌ನ ಕೈಗಳನ್ನು ಮೊಣಕಾಲಿನ ಕೆಳಗೆ ಕಟ್ಟಿ, ನಡುವೆ ಕೋಲು ತೂರಿಸಿ, ಲಿಮ್ಮತ್ ನದಿಗೆ ತಳ್ಳಿದರು. ನೀರು ಬೇಕೆಂದವನಿಗೆ ನೀರೇ ಶಿಕ್ಷೆ. ಧೈರ್ಯಗೆಡಬೇಡ ಎಂದು ದಡದಿಂದ ಅವನ ತಾಯಿ ಕೂಗಿ ಹೇಳುತ್ತಿದ್ದಳಂತೆ. ಮುಳುಗಿಸಿದವರೂ ಪ್ರಾಟೆಸ್ಟೆಂಟ್ ಸುಧಾರಣೆಯ ಪಕ್ಷದವರೇ, ಜೂರಿಕ್‌ನ ಸುಧಾರಕ ಜ್ವಿಂಗ್ಲಿಯ ಸಭೆಯವರು, ಮಕ್ಕಳಿಗೆ ದೀಕ್ಷಾಸ್ನಾನ ಕೊಡುವವರು. ಆ ಸಾಲಿನಲ್ಲಿ ನಿಮ್ಮ ತವರಿನ ಸಭೆಯೂ ಇದೆ, ನನ್ನದೂ ಇದೆ. ಜೂರಿಕ್‌ನ ಸಭೆ ಈ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡದ್ದು 2004ರಲ್ಲಿ.

ಭಿನ್ನಾಭಿಪ್ರಾಯದ ಬೇರು ಇರುವುದು ಮಗುವಿನ ವಯಸ್ಸಿನಲ್ಲಲ್ಲ, ನೀರಿನ ಅಳತೆಯಲ್ಲಂತೂ ಅಲ್ಲವೇ ಅಲ್ಲ. ಕೂಸುಗಳನ್ನೇ ಮೂರು ಸಲ ಮುಳುಗಿಸಿ, ಅಂದೇ ಪ್ರಸಾದವನ್ನೂ ಕೊಡುವ ಆರ್ಥಡಾಕ್ಸ್ ಸಭೆಗಳಿವೆ. ದೀಕ್ಷಾಸ್ನಾನ ಯಾರ ಕೆಲಸ ಎಂಬುದು ಪ್ರಶ್ನೆ. ದೇವರು ಮಾಡುವುದಾದರೆ, ಮಗು ಹೆಸರನ್ನೂ ತಾಯ್ನುಡಿಯನ್ನೂ ಕೇಳದೆಯೇ ಪಡೆದಂತೆ ಇದನ್ನೂ ಪಡೆಯಲಿ; ಯೆಹೂದ್ಯರ ಎಂಟನೆಯ ದಿನದ ಸುನ್ನತಿಗೂ ಗಂಡುಮಗುವಿನ ಒಪ್ಪಿಗೆ ಕೇಳಿದವರಿಲ್ಲ. ಮನುಷ್ಯ ದೇವರಿಗೆ ಕೊಡುವ ಉತ್ತರವಾದರೆ, ಆ ಉತ್ತರವನ್ನು ಇನ್ನೊಬ್ಬರ ಬಾಯಲ್ಲಿ ಹೇಳಿಸಲಾಗದು. ಎರಡೂ ನನಗೆ ಗಟ್ಟಿಯಾಗಿ ಕಾಣುತ್ತವೆ. ಎರಡು ಕಡೆಯವರೂ ಕೊನೆಗೆ ಎರಡೆರಡು ಕೆಲಸ ಮಾಡುತ್ತಾರೆ ಎಂಬುದನ್ನೂ ಗಮನಿಸಿ. ನಿಮ್ಮ ತವರಿನವರು ಕೂಸಿಗೆ ದೀಕ್ಷಾಸ್ನಾನ ಮಾಡಿಸಿ, ಬೆಳೆದ ಮೇಲೆ ದೃಢೀಕರಣದಲ್ಲಿ ಅದರ ಬಾಯಿಂದಲೇ ನಂಬಿಕೆ ಹೇಳಿಸುತ್ತಾರೆ. ಮಾವನವರ ಸಭೆಯವರು ಕೂಸನ್ನು ಎತ್ತಿ ಹಿಡಿದು ಕರ್ತನಿಗೆ ಸಮರ್ಪಿಸಿ, ಬೆಳೆದ ಮೇಲೆ ಮುಳುಗಿಸುತ್ತಾರೆ.

ನಾನು ನಿಮ್ಮ ಮಾವನವರೊಂದಿಗೆ ಜಗಳಕ್ಕೆ ಬರುವುದು ಒಂದೇ ಕಡೆ, ‘ಬರೀ ನೀರು’ ಎಂಬ ಮಾತಿಗೆ. ನನ್ನ ಅಕ್ಕ ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಊರ ಕೆರೆಯಲ್ಲಿ ಎರಡನೆಯ ಸಲ ದೀಕ್ಷಾಸ್ನಾನ ತೆಗೆದುಕೊಂಡಳು. ಟವೆಲ್ ಹಿಡಿದು ಏರಿಯ ಮೇಲೆ ನಿಂತಿದ್ದವನು ನಾನು. ಸೆರಗಿಗೆ ಪಾಚಿ ಅಂಟಿತ್ತು, ಮುಖದ ತುಂಬ ಸಂತೋಷ. ಆ ಸಂತೋಷವನ್ನು ಸುಳ್ಳೆನ್ನಲು ಇಂದಿಗೂ ನನ್ನಿಂದಾಗದು. ಮನೆಗೆ ಬಂದರೆ ಅಮ್ಮ ಪೆಟ್ಟಿಗೆಯಿಂದ ಅಕ್ಕನ ಹಳೆಯ ದೀಕ್ಷಾಸ್ನಾನದ ಪತ್ರ ತೆಗೆದು ಮುಂದಿಟ್ಟುಕೊಂಡು ಕುಳಿತಿದ್ದಳು. ಮಡಿಕೆಯಲ್ಲಿ ಹರಿದ ಕಾಗದ, ನೀಲಿ ಶಾಯಿ, ಹೊಣೆ ನಿಂತ ಮೂವರ ಹೆಸರು. ಅವರಲ್ಲಿ ಇಬ್ಬರು ಆಗಲೇ ತೀರಿಕೊಂಡಿದ್ದರು. "ಹಾಗಾದರೆ ಅವತ್ತು ನಾವೆಲ್ಲ ಸೇರಿ ಮಾಡಿದ್ದೇನು?" ಎಂದು ಕೇಳಿದಳು. ಅಕ್ಕ ಒದ್ದೆ ತಲೆ ಒರೆಸಿಕೊಳ್ಳುತ್ತ ಸುಮ್ಮನೆ ನಿಂತಳು.

ಕಾರ್ಲ್ ಬಾರ್ತ್ ಎಂಬ ಸ್ವಿಸ್ ದೇವಶಾಸ್ತ್ರಜ್ಞ ಮಕ್ಕಳಿಗೆ ದೀಕ್ಷಾಸ್ನಾನ ಕೊಡುವ ಸಭೆಯವನೇ. 1943ರ ಉಪನ್ಯಾಸದಲ್ಲಿ ಆ ಪದ್ಧತಿಯನ್ನು ಕಟುವಾಗಿ ಟೀಕಿಸಿದ. ಹಾಗಿದ್ದೂ, ಕ್ರಮ ತಪ್ಪಿರಬಹುದು, ಆದರೆ ಆದದ್ದು ದೀಕ್ಷಾಸ್ನಾನವೇ, ಇನ್ನೊಮ್ಮೆ ಮಾಡಬಾರದು ಎಂದ. ನನ್ನ ಮನಸ್ಸು ನಿಲ್ಲುವುದು ಅಲ್ಲೇ. ಎಫೆಸದವರಿಗೆ ಬರೆದ ಪತ್ರ ಕರ್ತನು ಒಬ್ಬನೇ ಎನ್ನುವ ಸಾಲಿನಲ್ಲೇ ದೀಕ್ಷಾಸ್ನಾನವೂ ಒಂದೇ ಎನ್ನುತ್ತದೆ. ಆದ್ದರಿಂದ ನಿಮಗೆ ನನ್ನ ಉತ್ತರ: ನೀವು ಮತ್ತೆ ತೆಗೆದುಕೊಳ್ಳಬೇಕಾಗಿಲ್ಲ. ಮಾವನವರಿಗೆ ವಿನಯವಾಗಿಯೇ, ಆದರೆ ಒಂದೇ ಸಲ ಹೇಳಿ ಮುಗಿಸಿ.

ಮಗಳ ವಿಷಯ ಬೇರೆ. ಮಾಡಿಸಿದರೂ ಕಾದರೂ ಅವಳು ದೇವರ ಕೈ ತಪ್ಪಿ ಹೋಗುವುದಿಲ್ಲ. ದೀಕ್ಷಾಸ್ನಾನವಾಗದೆ ತೀರಿಕೊಂಡ ಕೂಸುಗಳಿಗೂ ರಕ್ಷಣೆಯ ನಿರೀಕ್ಷೆಗೆ ಆಧಾರವಿದೆ ಎಂದು ಕಥೋಲಿಕರ ಅಂತರರಾಷ್ಟ್ರೀಯ ದೇವಶಾಸ್ತ್ರ ಆಯೋಗವೇ 2007ರಲ್ಲಿ ಬರೆಯಿತು. ನಿಮ್ಮ ಅಮ್ಮನಿಗೆ ಒಳಗೊಳಗೆ ಆ ಭಯವಿದ್ದರೆ ಇದನ್ನು ಓದಿ ಹೇಳಿ. 1970ರಲ್ಲಿ ನಾಗಪುರದಲ್ಲಿ ಹುಟ್ಟಿದ ಉತ್ತರ ಭಾರತದ ಸಭೆಯಲ್ಲಿ ಬ್ಯಾಪ್ಟಿಸ್ಟರೂ ಆಂಗ್ಲಿಕನ್ನರೂ ಒಂದಾದರು. ಅಲ್ಲಿ ಎರಡೂ ಪದ್ಧತಿಗಳಿಗೆ ಜಾಗವಿದೆ. ಒಂದು ಸಭೆಯೇ ಹಾಗೆ ಬಾಳಬಹುದಾದರೆ ಒಂದು ಮನೆಯೂ ಬಾಳಬಹುದು. ಸದ್ದಿಲ್ಲದೆ ಮಾಡಿಸುವುದು ಮಾತ್ರ ಬೇಡ. ಸಭೆಯ ಮುಂದೆ, ಹೊಣೆ ನಿಲ್ಲುವವರ ಬಾಯಿಂದ ಮಾತು ಕೊಡಿಸಿ ಮಾಡುವ ಕೆಲಸವನ್ನು ಕದ್ದು ಮಾಡಿದರೆ ಅದರಲ್ಲಿ ಉಳಿಯುವುದು ಮಾವನವರು ಹೇಳಿದ ಬರೀ ನೀರೇ.

ಇನ್ನೊಂದು ಮಾತು. ನಿಮ್ಮ ಎರಡು ಪುಟದ ಪತ್ರದಲ್ಲಿ ಅಮ್ಮ ಮಾತಾಡುತ್ತಾರೆ, ಮಾವ ಮಾತಾಡುತ್ತಾರೆ. ನಿಮ್ಮ ‘ಮನೆಯವರು’ ಏನು ಹೇಳುತ್ತಾರೆಂದು ಎಲ್ಲೂ ಇಲ್ಲ. ಮೊದಲು ಅವರನ್ನು ಕೂರಿಸಿಕೊಂಡು ಕೇಳಿ. ನೀವಿಬ್ಬರೂ ಒಪ್ಪಿದ ದಿನ ಎರಡು ಕಡೆಯ ಹಿರಿಯರಿಗೂ ಒಟ್ಟಿಗೆ ತಿಳಿಸಿ.

ಬೆಚ್ಚಗಿನ ನೀರಿನ ಪ್ರಶ್ನೆಗೆ ನನ್ನ ಬಳಿ ಬಹಳ ಹಳೆಯ ಉತ್ತರವಿದೆ. ಅಪೊಸ್ತಲರ ಕಾಲಕ್ಕೆ ತೀರ ಹತ್ತಿರದ್ದಾದ ದಿದಖೆ ಎಂಬ ಬೋಧನಾಗ್ರಂಥ ಹೀಗೆನ್ನುತ್ತದೆ: ಹರಿಯುವ ನೀರಿನಲ್ಲಿ ಮಾಡಿಸಿ, ಅದಿಲ್ಲದಿದ್ದರೆ ಬೇರೆ ನೀರಿನಲ್ಲಿ, ತಣ್ಣೀರು ಆಗದಿದ್ದರೆ ಬೆಚ್ಚಗಿನ ನೀರಿನಲ್ಲಿ, ಎರಡೂ ಸಾಲದಿದ್ದರೆ ತಲೆಯ ಮೇಲೆ ಮೂರು ಸಲ ಸುರಿಯಿರಿ. ಮಾಡಿಸುವುದೆಂದು ತೀರ್ಮಾನವಾದರೆ, ಆ ಬೆಳಿಗ್ಗೆ ಮನೆಯಿಂದಲೇ ಒಂದು ಫ್ಲಾಸ್ಕಿನಲ್ಲಿ ಬಿಸಿನೀರು ಒಯ್ದು ಬೋಗುಣಿಯ ನೀರಿಗೆ ಬೆರೆಸಲು ಹೇಳಿ.

— ಸಂಪಾದಕ