ಗರ್ಭಿಣಿ, ಸೊಪ್ಪು-ಹಣ್ಣು ಮತ್ತು ಜಿರಳೆ ಔಷಧ

ಪ್ರಶ್ನೆ: ನಾನು ನಾಲ್ಕು ತಿಂಗಳ ಗರ್ಭಿಣಿ. ಮದುವೆಯಾಗಿ ಧಾರವಾಡದಿಂದ ಬಂದು ಪುಣೆಯ ಕೋಥರೂಡಿನಲ್ಲಿ ನೆಲೆಸಿದ್ದೇನೆ. ದ್ರಾಕ್ಷಿ, ಟೊಮೆಟೊ, ಸೊಪ್ಪುಗಳಲ್ಲಿ ಕೀಟನಾಶಕದ ಅಂಶ ಉಳಿದಿರುತ್ತದೆಂದು ಕೇಳಿದಂದಿನಿಂದ ಅವನ್ನು ಬಹುತೇಕ ಬಿಟ್ಟಿದ್ದೇನೆ. ಹಾಗೆ ಬಿಡಬಾರದೆಂದು ಅತ್ತೆಯವರು ಗದರುತ್ತಾರೆ. ಗರ್ಭ ನಿಂತದ್ದು ತಿಳಿಯುವ ಮೊದಲೇ, ಎರಡನೆಯ ತಿಂಗಳಲ್ಲಿ, ನಮ್ಮ ಅಡುಗೆಮನೆಗೆ ಜಿರಳೆ ಔಷಧ ಸಿಂಪಡಿಸಿದ್ದರು. ಮಗುವಿಗೆ ತೊಂದರೆಯಾದೀತೆ?
– ಓದುಗರೊಬ್ಬರು, ಪುಣೆ

ಉತ್ತರ: ಈ ವಿಷಯದಲ್ಲಿ ನಿಮ್ಮ ಅತ್ತೆಯವರ ಮಾತೇ ಸರಿ. ನಿಮ್ಮ ಭಯಕ್ಕೆ ಆಧಾರವಿಲ್ಲವೆಂದಲ್ಲ. ಬಾಸ್ಟನ್ನಿನಲ್ಲಿ ಬಂಜೆತನದ ಚಿಕಿತ್ಸೆ ಪಡೆಯುತ್ತಿದ್ದ 325 ಮಹಿಳೆಯರನ್ನು ಕುರಿತು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೆಚ್ಚು ಕೀಟನಾಶಕ ಉಳಿಯುವ ಬಗೆಯ ಹಣ್ಣು-ತರಕಾರಿಗಳನ್ನು ಹೆಚ್ಚು ತಿಂದವರಲ್ಲಿ ಗರ್ಭ ನಿಲ್ಲುವ ಮತ್ತು ಜೀವಂತ ಹೆರಿಗೆಯಾಗುವ ಸಾಧ್ಯತೆ ಕಡಿಮೆಯಿತ್ತು. ಆದರೆ ಅದು ಕಾರಣವನ್ನು ಸಾಬೀತುಪಡಿಸುವ ಪ್ರಯೋಗವಲ್ಲ. ಅಲ್ಲದೆ, ಕಡಿಮೆ ಉಳಿಕೆಯ ಹಣ್ಣು-ತರಕಾರಿಗಳಿಂದ ಅಂಥ ಕೆಡುಕು ಅದರಲ್ಲಿ ಕಂಡುಬರಲಿಲ್ಲ. ಸೊಪ್ಪನ್ನು ಬಿಟ್ಟರೆ ಅದರಲ್ಲಿರುವ ಫೋಲೇಟ್ (ಒಂದು ಬಗೆಯ ಬಿ ವಿಟಮಿನ್), ಕಬ್ಬಿಣ, ನಾರು ಕೈತಪ್ಪುವುದು ಮಾತ್ರ ಖಚಿತ.

ಆದ್ದರಿಂದ ಮಂಡಯಿಯಿಂದ (ತರಕಾರಿ ಮಾರುಕಟ್ಟೆಯಿಂದ) ತಂದ ಮೆಂತ್ಯ, ಪಾಲಕ್, ರಾಜಗಿರಿಗಳನ್ನು ಬಿಡಿಸಿ, ಹರಿಯುವ ನೀರಿನಲ್ಲಿ ಎರಡು-ಮೂರು ಸಲ ತೊಳೆದು ಬೇಯಿಸಿ ತಿನ್ನಿರಿ. ದ್ರಾಕ್ಷಿಯನ್ನು ಗೊಂಚಲಿನಿಂದ ಬಿಡಿಸಿ ಉಜ್ಜಿ ತೊಳೆಯಿರಿ. ಸಾಬೂನು ಬೇಡ. ಗಿಡದೊಳಗೆ ಇಳಿಯುವ ಔಷಧಗಳು ತೊಳೆದರೆ ಪೂರ್ತಿ ಹೋಗುವುದಿಲ್ಲ. ಅದಕ್ಕಾಗಿ ಒಂದೇ ಹಣ್ಣನ್ನು ದಿನವೂ ತಿನ್ನದೆ, ಬಾಳೆ, ಪಪ್ಪಾಯಿಯಂತಹ (ಚೆನ್ನಾಗಿ ಹಣ್ಣಾದ) ಸಿಪ್ಪೆ ತೆಗೆಯುವ ಹಣ್ಣುಗಳನ್ನೂ ಸೇರಿಸಿಕೊಳ್ಳಿರಿ.

ನನಗೆ ಹೆಚ್ಚು ಕಾಳಜಿಯೆನಿಸುವುದು ನೀವು ಪ್ರಶ್ನೆಯ ಕೊನೆಗೆ ಬರೆದ ಮಾತು. ಹಣ್ಣಿನ ಮೇಲೆ ಉಳಿಯುವ ಅಂಶ ಅತ್ಯಲ್ಪ. ಕಿಟಕಿ ಮುಚ್ಚಿದ ಫ್ಲ್ಯಾಟಿನೊಳಗೆ ಸಿಂಪಡಿಸಿದ ಔಷಧವಾದರೋ ಉಸಿರಿನಿಂದಲೂ, ನೆಲ-ಕಟ್ಟೆ ಮುಟ್ಟಿದ ಕೈಗಳಿಂದಲೂ ದೇಹ ಸೇರುತ್ತದೆ. ಮಗುವಿನ ಅಂಗಗಳು ಮೂಡುವುದು ಮುಖ್ಯವಾಗಿ ಮೊದಲ ಮೂರು ತಿಂಗಳಲ್ಲಿ. ಮಿದುಳು ಹೆರಿಗೆಯವರೆಗೂ ಬೆಳೆಯುತ್ತದೆ. ಹಾಗೆಂದು ಒಂದು ಸಲದ ಸಿಂಪರಣೆಯಿಂದ ಹಾನಿಯಾಗಿಯೇ ಇದೆಯೆಂದು ಭಾವಿಸಬೇಡಿರಿ, ನಿಮ್ಮನ್ನು ನೀವು ದೂಷಿಸಿಕೊಳ್ಳಲೂ ಬೇಡಿರಿ. ಅಂದು ನಿಮಗೆ ಗರ್ಭದ ಸುಳಿವೇ ಇರಲಿಲ್ಲ. ಇನ್ನು ಮುಂದೆ ಸಿಂಪರಣೆಯ ಬದಲು ಕೈಗೆಟುಕದ ಮೂಲೆಗಳಲ್ಲಿ ಜಿರಳೆ ಜೆಲ್ ಹಚ್ಚಿಸಿರಿ, ಸೊಳ್ಳೆಗೆ ಬತ್ತಿಯ ಬದಲು ಪರದೆ ಕಟ್ಟಿರಿ. ಸೊಸೈಟಿಯವರು ಸಿಂಪಡಿಸಿಯೇ ತೀರಬೇಕೆಂದರೆ, ಅಂದು ಬೇರೆ ಮನೆಯಲ್ಲಿ ಉಳಿಯಿರಿ. ಮನೆಗೆ ಗಾಳಿಯಾಡಿಸಿ, ಒರೆಸುವ ಕೆಲಸವನ್ನು ಬೇರೆಯವರು ಮಾಡಲಿ.

ಅಂದು ಬಳಸಿದ ಔಷಧದ ಹೆಸರನ್ನು ಸಿಂಪಡಿಸಿದವರಿಂದಲೇ ಕೇಳಿ ಬರೆದುಕೊಂಡು, ಮುಂದಿನ ತಪಾಸಣೆಯಲ್ಲಿ ನಿಮ್ಮ ವೈದ್ಯರಿಗೆ ತೋರಿಸಿರಿ. ಮಗುವಿನ ಅಂಗಾಂಗಗಳನ್ನು ವಿವರವಾಗಿ ನೋಡುವ ಸ್ಕ್ಯಾನನ್ನು ಸಾಮಾನ್ಯವಾಗಿ 18ರಿಂದ 20ನೆಯ ವಾರದಲ್ಲಿ ಮಾಡುತ್ತಾರೆ. ಆ ದಿನವನ್ನು ತಪ್ಪಿಸಬೇಡಿರಿ.