ಓದುಗರ ಪ್ರಶ್ನೆ: ನೂರು ಕ್ಯಾಸೆಟ್, ಹಳೆಯ ಫಾಂಟು, ನೇಕಾರರ ಪದಗಳು

ಪ್ರಶ್ನೆ: ನಮ್ಮ ತಂದೆಯವರು 1980ರ ದಶಕದಲ್ಲಿ ಊರೂರು ಸುತ್ತಿ ತಾಳಮದ್ದಲೆಗಳನ್ನು ಟೇಪ್ ಮಾಡಿಕೊಂಡಿದ್ದರು. ಸುಮಾರು ನೂರು ಕ್ಯಾಸೆಟ್‌ಗಳಿವೆ. ಪೇಟೆಯ ಸ್ಟುಡಿಯೋ ಒಂದರವರು ಎಲ್ಲವನ್ನೂ ಎಂಪಿ3 ಮಾಡಿ, ಗರಗರ ಸದ್ದನ್ನೂ ತೆಗೆದು ಪೆನ್‌ಡ್ರೈವ್‌ಗೆ ಹಾಕಿಕೊಡುತ್ತಾರಂತೆ. ಕೊಡಬಹುದೇ?
– ಹೊನ್ನಾವರದ ಓದುಗರು

ಕೊಡಿ, ಆದರೆ ಅವರು ಹೇಳಿದ ಹಾಗಲ್ಲ. ತಾಳಮದ್ದಲೆ ಎಂದರೆ ವೇಷ, ಕುಣಿತಗಳಿಲ್ಲದೆ ಕುಳಿತು ನಡೆಸುವ ಯಕ್ಷಗಾನ. ಭಾಗವತರು ಹಾಡುವ ಪದ್ಯಗಳು ಪ್ರಸಂಗದ, ಅಂದರೆ ಕಥೆಯ, ಪುಸ್ತಕದಲ್ಲಿ ಇದ್ದೇ ಇರುತ್ತವೆ. ಅರ್ಥ, ಅಂದರೆ ಪದ್ಯವನ್ನು ಹಿಡಿದು ಪಾತ್ರವಾಗಿ ಆಡುವ ಮಾತು, ಮಾತ್ರ ಎಲ್ಲಿಯೂ ಬರೆದಿಟ್ಟಿರುವುದಿಲ್ಲ. ಅರ್ಥಧಾರಿ ಆ ರಾತ್ರಿ ಆಡಿದ್ದು ಆ ರಾತ್ರಿಗೇ ಮುಗಿಯಿತು. ಕೌರವನ ವಾದ ಒಬ್ಬೊಬ್ಬರ ಬಾಯಲ್ಲಿ, ಒಂದೊಂದು ದಶಕದಲ್ಲಿ ಹೇಗೆ ಬದಲಾಯಿತು ಎಂದು ತಿಳಿಯಬೇಕಾದವರಿಗೆ ನಿಮ್ಮ ತಂದೆಯವರ ಕ್ಯಾಸೆಟ್‌ಗಳೇ ಆಕರ.

ಮೊದಲು ಪ್ರತಿ ಕ್ಯಾಸೆಟ್ಟಿನ ಹಿಂಬದಿಯ ಎರಡು ಸಣ್ಣ ಪ್ಲಾಸ್ಟಿಕ್ ಚೂರುಗಳನ್ನು ಮುರಿದುಬಿಡಿ. ಯಾರಾದರೂ ಗುಂಡಿ ತಪ್ಪಿ ಒತ್ತಿದರೂ ಅದರ ಮೇಲೆ ಹೊಸದು ಮುದ್ರಣವಾಗುವುದಿಲ್ಲ. ಟೇಪನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಸುತ್ತಿಸಿ ನಂತರ ನುಡಿಸಿ. ಮಾತು ಕಂಬಳಿಯೊಳಗಿಂದ ಕೇಳಿದಂತಿದ್ದರೆ ಟೇಪು ಕೆಟ್ಟಿದೆ ಎಂದು ತೀರ್ಮಾನಿಸಬೇಡಿ. ಹೆಚ್ಚಾಗಿ ಡೆಕ್ಕಿನಲ್ಲಿ ಟೇಪನ್ನು ಓದುವ ಹೆಡ್ಡು ಓರೆಯಾಗಿರುತ್ತದೆ. ಅದರ ಪಕ್ಕದ ಸಣ್ಣ ಸ್ಕ್ರೂವನ್ನು ತಿರುಗಿಸಿ ಸರಿಮಾಡಬಲ್ಲ ಹಳೆಯ ರೇಡಿಯೋ ರಿಪೇರಿಯವರು ಇನ್ನೂ ಅಲ್ಲಲ್ಲಿ ಇದ್ದಾರೆ.

ಸ್ಟುಡಿಯೋದವರಿಗೆ ಹೇಳಬೇಕಾದದ್ದು ಇಷ್ಟು: ಮೂಲಪ್ರತಿ ಎಂಪಿ3ಯಂತೆ ದನಿಯನ್ನು ಕುಗ್ಗಿಸದ ವೇವ್ ಕಡತವಾಗಿರಲಿ, 24 ಬಿಟ್, 96 ಕಿಲೋಹರ್ಟ್ಸ್. ತೊಂಬತ್ತು ನಿಮಿಷದ ಒಂದು ಕ್ಯಾಸೆಟ್ಟಿಗೆ ಮೂರು ಜಿಬಿಗಿಂತ ತುಸು ಹೆಚ್ಚು ಜಾಗ ಬೇಕು. ನೂರಕ್ಕೆ ಮುನ್ನೂರು ಜಿಬಿಯ ಆಸುಪಾಸು. ಒಂದು ಟಿಬಿಯ ಡಿಸ್ಕಿನಲ್ಲಿ ಎಲ್ಲವೂ ಹಿಡಿದು ಜಾಗ ಮಿಗುತ್ತದೆ. ಎಂಪಿ3 ಪ್ರತಿ ನೆಂಟರಿಗೆ ವಾಟ್ಸ್‌ಆ್ಯಪ್ ಮಾಡಲು ಇರಲಿ. ಸದ್ದು ತೆಗೆಯುವ ಕೆಲಸವನ್ನು ಬೇಕಾದರೆ ಆ ಪ್ರತಿಯ ಮೇಲೆ ಮಾಡಲಿ, ಮೂಲಪ್ರತಿಯನ್ನು ಮುಟ್ಟಬಾರದು. ಯಂತ್ರ ಗರಗರವನ್ನು ಅಳಿಸುವಾಗ ಚಕ್ರತಾಳದ (ಕಂಚಿನ ತಾಳದ) ನಾದವನ್ನೂ ಕೆರೆದು ಹಾಕುತ್ತದೆ. ಸ್ಟುಡಿಯೋದವರಿಗೆ ಕಿರಿಕಿರಿ ಎನಿಸುವ ಗ್ಯಾಸ್‌ಲೈಟಿನ ಸುಂಯ್ ಸದ್ದು, ಸಭೆಯ ನಗು, ನಡುವೆ ಯಾರೋ ಚಹಾ ತರಲು ಕೂಗಿದ್ದು ಇವೆಲ್ಲ ನನಗಂತೂ ಆಖ್ಯಾನದಷ್ಟೇ ಬೇಕಾದವು.

ಹಣ ಕೊಟ್ಟು ಮಾಡಿಸಲಾಗದ ಕೆಲಸ ಇನ್ನೊಂದಿದೆ. ಒಂದು ಕೋಷ್ಟಕ ಮಾಡಿ: ಪ್ರಸಂಗ, ಭಾಗವತರು, ಮದ್ದಲೆ, ಅರ್ಥಧಾರಿಗಳು ಮತ್ತು ಅವರ ಪಾತ್ರ, ಸ್ಥಳ, ದಿನಾಂಕ. ಕ್ಯಾಸೆಟ್ಟಿನ ಮೇಲೆ ‘ರಾತ್ರಿ ಎರಡನೇ ಭಾಗ’ ಎಂದಷ್ಟೇ ಇದ್ದರೆ, ದನಿ ಕೇಳಿಯೇ ಹೆಸರು ಹೇಳಬಲ್ಲ ಹಿರಿಯರನ್ನು ಕೂರಿಸಿಕೊಳ್ಳಿ. ಇದನ್ನು ಮುಂದಿನ ಬೇಸಿಗೆಗೆ ಎಂದು ದೂಡಬೇಡಿ, ಡಿಸ್ಕು ಕಾಯುತ್ತದೆ, ಅವರು ಕಾಯಲಾರರು. ವಿವರ ಸರಿಯಾಗಿ ಬರೆಯದಿದ್ದರೆ ಏನಾಗುತ್ತದೆ ನೋಡಿ: ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಕನ್ನಡದ ಎಷ್ಟೋ ಪುಸ್ತಕಗಳು ಸ್ಕ್ಯಾನ್ ಆದವು. ಶೀರ್ಷಿಕೆಗಳನ್ನು ಮಾತ್ರ ರೋಮನ್ ಲಿಪಿಯಲ್ಲಿ ಕಂಡಕಂಡ ಹಾಗೆ ಬರೆದರು. ಪುಸ್ತಕ ಅಲ್ಲಿದ್ದರೂ ಹುಡುಕಿದವರಿಗೆ ಸಿಗುತ್ತಿರಲಿಲ್ಲ.

ಕ್ಯಾಸೆಟ್ ನಿಮ್ಮದಾದರೂ ದನಿ ನಿಮ್ಮದಲ್ಲ. ಸಾರ್ವಜನಿಕವಾಗಿ ಹಾಕುವ ಮೊದಲು ಕಲಾವಿದರನ್ನೋ ಅವರ ಮನೆಯವರನ್ನೋ ಕೇಳಿ, ಒಪ್ಪಿಗೆಯನ್ನು ಎರಡು ಸಾಲಿನಲ್ಲಿ ಬರೆಸಿಕೊಳ್ಳಿ. ಒಂದು ಪ್ರತಿಯನ್ನು ಸಂಸ್ಥೆಗೆ ಕೊಡುವ ಮನಸ್ಸಿದ್ದರೆ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರವನ್ನು ವಿಚಾರಿಸಬಹುದು.

ಪ್ರಶ್ನೆ: ನುಡಿ ತಂತ್ರಾಂಶದಲ್ಲಿ 2004ರಲ್ಲಿ ಟೈಪ್ ಮಾಡಿದ ನನ್ನ ಪ್ರಬಂಧ ಹೊಸ ಕಂಪ್ಯೂಟರಿನಲ್ಲಿ ಬರೀ ವಿಚಿತ್ರ ಚಿಹ್ನೆಗಳಾಗಿ ತೆರೆಯುತ್ತದೆ. ಹಾಳಾಯಿತೇ?
– ಧಾರವಾಡದ ಓದುಗರು

ಇಲ್ಲ. ಆ ಕಾಲದ ಫಾಂಟುಗಳು ರೋಮನ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಫಾಂಟು ಇಲ್ಲದಿದ್ದರೆ ಒಳಗಿನ ರೋಮನ್ ಗುರುತುಗಳು ಹೊರಗೆ ಕಾಣುತ್ತವೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಿಂದಲೇ ಅದರದೇ ಜಾಗವಿದೆ, ನಾವು ಅಲ್ಲಿಗೆ ಹೋಗಲು ತಡಮಾಡಿದೆವು ಅಷ್ಟೆ. ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಿಟ್ಟು ಓದಿ. ಅನುಸ್ವಾರದ ಜಾಗದಲ್ಲಿ ಸೊನ್ನೆ ಬಂದಿದೆಯೇ ಎಂದೂ ನೋಡಿ. ‘ಗ೦ಗೆ’ ಮತ್ತು ‘ಗಂಗೆ’ ನಮಗೆ ಒಂದೇ. ಮೊದಲನೆಯದರಲ್ಲಿ ಇರುವುದು ಅಂಕಿ, ಆದ್ದರಿಂದ ಹುಡುಕುವ ಯಂತ್ರಕ್ಕೆ ಅವು ಬೇರೆ ಬೇರೆ ಪದಗಳು. ಹಳೆಯ ಕಡತವನ್ನೂ, ಅಂದು ಮುದ್ರಿಸಿದ ಪ್ರತಿಯ ಸ್ಕ್ಯಾನನ್ನೂ ಜೊತೆಗೆ ಇಟ್ಟುಕೊಳ್ಳಿ.

ಪ್ರಶ್ನೆ: ಮಗ್ಗಕ್ಕೆ ಸಂಬಂಧಿಸಿದ ಸುಮಾರು ಎರಡು ಸಾವಿರ ಪದಗಳನ್ನು ಹಿರಿಯ ನೇಕಾರರಿಂದ ಕೇಳಿ ಚೀಟಿಗಳಲ್ಲಿ ಬರೆದಿಟ್ಟಿದ್ದೇನೆ. ಒಳ್ಳೆಯ ಜಾಲತಾಣ ಮಾಡಿಸಬೇಕೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ?
– ಇಳಕಲ್ಲಿನ ಓದುಗರು

ಜಾಲತಾಣದಿಂದ ಬೇಡ. ವರ್ಷದ ಬಾಡಿಗೆ ಕಟ್ಟುವುದು ನಿಂತ ದಿನ ಅದು ಮಾಯವಾಗುತ್ತದೆ, ಚೀಟಿಗಳು ಮತ್ತೆ ಪೆಟ್ಟಿಗೆಗೆ. ಮೊದಲು ಪದಗಳನ್ನು ಯೂನಿಕೋಡ್‌ನಲ್ಲಿ ಟೈಪ್ ಮಾಡಿದ ಸರಳ ಕೋಷ್ಟಕವಾಗಿಸಿ, ಯಾವ ಕಂಪ್ಯೂಟರ್ ಆದರೂ ತೆರೆಯುವಂಥ ಸಿಎಸ್‌ವಿ ಕಡತದಲ್ಲಿಡಿ. ವಿ. ಕೃಷ್ಣ ಅವರು ದಶಕಗಳ ಕಾಲ ಕೂಡಿಸಿದ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟನ್ನು ನೋಡಿ. 2019ರಲ್ಲಿ ಅದು ಜಾಲತಾಣವಾಗಿ ಬಂದಾಗ ಇಡೀ ದತ್ತಾಂಶವನ್ನೇ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟರು. ಆ ತಾಣ ನಾಳೆ ಮುಚ್ಚಿದರೂ ಇನ್ನೊಬ್ಬರು ಮತ್ತೆ ಕಟ್ಟಬಹುದು. ಇಷ್ಟು ದೊಡ್ಡ ಮನಸ್ಸು ನಮ್ಮ ಎಷ್ಟೋ ಸಂಸ್ಥೆಗಳಿಗೆ ಇನ್ನೂ ಬಂದಿಲ್ಲ.

ನಿಮ್ಮ ಕೋಷ್ಟಕವನ್ನು ಝೆನೊಡೊದಲ್ಲಿ ಇಡಿ. ಯುರೋಪಿನ ಸರ್ನ್ ಪ್ರಯೋಗಾಲಯ 2013ರಿಂದ ನಡೆಸುತ್ತಿರುವ ಉಚಿತ ಭಂಡಾರ ಅದು. ಅಲ್ಲಿ ಕೊಡುವ ಡಿಒಐ ಎಂಬ ಕಾಯಂ ಗುರುತುಸಂಖ್ಯೆಯನ್ನು ಸಂಶೋಧಕರು ಉಲ್ಲೇಖದಲ್ಲಿ ಬಳಸಬಹುದು. ಆಮೇಲೆ ಬೇಕಾದಂತೆ ತಾಣ ಕಟ್ಟಿಸಿ. ಕಟ್ಟಿಸುವಾಗ ಇಳಕಲ್ ಸೀರೆಯ ಸೆರಗಿನ ವಿನ್ಯಾಸವನ್ನು ‘ತೋಪ ತೆನಿ’ ಎಂದು ಹುಡುಕಿದವರಿಗೂ ‘ತೋಪು ತೆನೆ’ ಎಂದವರಿಗೂ ಒಂದೇ ಪುಟ ತೆರೆಯಲಿ. ನೇಕಾರರು ಹೇಳುವ ರೂಪವೇ ಮೊದಲು ಕಾಣಲಿ. ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಕೊಂಡಿ ಹಾಕುವುದನ್ನು ನಾಲ್ಕು ಸಾಲಿನ ವಿವರಣೆಗಿಂತ ಅರ್ಧ ನಿಮಿಷದ ವಿಡಿಯೊ ಚೆನ್ನಾಗಿ ತೋರಿಸುತ್ತದೆ. ಪದ ಕೊಟ್ಟವರ ಹೆಸರನ್ನು, ಅವರು ಒಪ್ಪಿದರೆ, ಪದದ ಪಕ್ಕದಲ್ಲೇ ಹಾಕಿ.

ಪ್ರಶ್ನೆ: ಯಾವ ಕಂಪನಿಯ ಪೆನ್‌ಡ್ರೈವ್ ಹೆಚ್ಚು ಬಾಳುತ್ತದೆ?
– ತುಮಕೂರಿನ ಓದುಗರು

ಸಂಗ್ರಹ ಕಾಯಲು ಯಾವುದೂ ಸಾಲದು. ಎರಡು ಹಾರ್ಡ್‌ಡಿಸ್ಕ್ ಕೊಂಡು ಒಂದನ್ನು ಬೇರೆ ಊರಿನ ನೆಂಟರ ಮನೆಯಲ್ಲಿಡಿ, ಮೂರನೆಯ ಪ್ರತಿ ಇಂಟರ್‌ನೆಟ್‌ನಲ್ಲಿರಲಿ. ವರ್ಷಕ್ಕೊಮ್ಮೆ ಎಲ್ಲವನ್ನೂ ತೆರೆದು ನೋಡಿ.