ಹಳೆಯ ಕಾರಿನ ಹೆಡ್‌ಲೈಟ್ ಮಂದವಾಗಿದೆ: ಎಲ್‌ಇಡಿ ಹಾಕಿಸಲೇ, ಹೆಚ್ಚು ವ್ಯಾಟ್‌ನ ಬಲ್ಬ್ ಹಾಕಿಸಲೇ?

ಎರಡೂ ಬೇಡ. ಕಾರಿಗೆ ಬಣ್ಣ ಹೊಡೆಸಿದ ಮೇಲೆ ಬೆಳಕು ಇನ್ನಷ್ಟು ಮಂಕಾಯಿತು ಎಂದು ನೀವೇ ಬರೆದಿದ್ದೀರಿ. ನನಗೆ ಅಷ್ಟು ಸಾಕು. ನನ್ನ ಕಾರಿಗೂ ಹೀಗೆಯೇ ಆಗಿತ್ತು. ಏಳು ಇಂಚಿನ ದುಂಡು ದೀಪಗಳು, ಹೊಸ ಗಾಜು, ಫಳಫಳಿಸುವ ಕ್ರೋಮ್ ಉಂಗುರ, ರಿಫ್ಲೆಕ್ಟರ್‌ಗೆ ಹೊಸ ಅಲ್ಯೂಮಿನಿಯಂ ಲೇಪ. ಹೊತ್ತಿಸಿದರೆ ಸೀಮೆಎಣ್ಣೆ ಬುಡ್ಡಿಯ ಬೆಳಕು.

ಬಲ್ಬಿಗೆ ಶಕ್ತಿ ಸಾಲದೆಂದು 60/55 ವ್ಯಾಟ್‌ನ ಹ್ಯಾಲೊಜೆನ್ (ಹೈ ಬೀಮ್‌ಗೆ 60, ಲೋ ಬೀಮ್‌ಗೆ 55) ಕಿತ್ತು 100/90 ಹಾಕಿದೆ. ಕೆಟ್ಟಿದ್ದು ಅಲ್ಲಿಯೇ. ಇಂಥ ಹಳೆಯ ಎಷ್ಟೋ ಕಾರುಗಳಲ್ಲಿ ಹೆಡ್‌ಲೈಟಿಗೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹರಿಸಿ ನಿಲ್ಲಿಸುವ ಸ್ವಿಚ್) ಇಲ್ಲ. ದೀಪದ ಅಷ್ಟೂ ಕರೆಂಟು ಡ್ಯಾಶ್‌ಬೋರ್ಡಿನ ಸ್ವಿಚ್ ಹೊಕ್ಕು, ಹೈ-ಲೋ ಬದಲಿಸುವ ಡಿಪ್ಪರ್ ದಾಟಿ ಬಲ್ಬಿಗೆ ಹೋಗಬೇಕು. 55 ವ್ಯಾಟ್‌ನ ಎರಡು ಬಲ್ಬಿಗೆ 12 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಸಾಕು. 90ರ ಜೋಡಿಗೆ 15 ಬೇಕು, ಹೈ ಬೀಮ್‌ಗೆ ಇನ್ನೂ ಹೆಚ್ಚು. ಸ್ವಿಚ್ಚಿನೊಳಗಿನ ಕಪ್ಪಿಟ್ಟ ತಾಮ್ರ ಬಿಸಿಯಾಗುತ್ತದೆ, ಬಿಸಿಯಾದಷ್ಟೂ ರೋಧ ಏರುತ್ತದೆ, ರೋಧ ಏರಿದಷ್ಟೂ ಮತ್ತೆ ಬಿಸಿ. ಒಂದು ರಾತ್ರಿ ಡ್ಯಾಶ್‌ಬೋರ್ಡಿನ ಹಿಂದಿನಿಂದ ಸುಟ್ಟ ವಾಸನೆ ಬಂತು, ತಿರುವಿನಲ್ಲಿ ಎರಡೂ ದೀಪ ಒಟ್ಟಿಗೆ ಆರಿದವು. ಬಿಚ್ಚಿ ನೋಡಿದರೆ ಸ್ವಿಚ್ಚಿನ ಬೇಕಲೈಟ್ (ಹಳೆಯ ಕಾಲದ ಗಟ್ಟಿ ಪ್ಲಾಸ್ಟಿಕ್) ಬಿರುಕು ಬಿಟ್ಟಿತ್ತು, ವೈರಿನ ಹೊದಿಕೆ ಕರಗಿ ಪಕ್ಕದ ವೈರಿಗೆ ಅಂಟಿತ್ತು. ಕಾರಿನೊಡನೆ ಬಂದಿದ್ದ ಅಂಥ ಸ್ವಿಚ್ ನನಗೆ ಮತ್ತೆ ಸಿಗಲೇ ಇಲ್ಲ.

ಬಲ್ಬಿನದೇನೂ ತಪ್ಪಿರಲಿಲ್ಲ. ಹೊಸ ಸ್ವಿಚ್ ಕೂರಿಸಿ, ಹಳೆಯ ಬಲ್ಬ್ ಹಾಕಿ, ದೀಪ ಉರಿಯುತ್ತಿರುವಾಗಲೇ ಅಳೆದೆ: ಬ್ಯಾಟರಿಯಲ್ಲಿ 12.4 ವೋಲ್ಟ್, ಬಲ್ಬಿನ ಪಿನ್ನುಗಳಲ್ಲಿ 10.2. ಫಿಲಮೆಂಟಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ತಕ್ಕಂತೆ ಇಳಿಯುತ್ತದೆ, ಹಾಗಾಗಿ ಇಷ್ಟು ಸೋರಿದರೆ ಬೆಳಕು ಅರ್ಧಕ್ಕರ್ಧ ಮಾಯ. ಬ್ಯಾಟರಿಯ ನೆಗೆಟಿವ್ ತುದಿಗೂ ಬಲ್ಬಿನ ಅರ್ಥಿಂಗ್ ಪಿನ್ನಿಗೂ ಮೀಟರ್ ಹಿಡಿದರೆ ಸೊನ್ನೆಯ ಆಸುಪಾಸು ತೋರಬೇಕು. ಒಂದು ವೋಲ್ಟಿಗಿಂತ ಹೆಚ್ಚು ತೋರಿಸಿತು. ಕರೆಂಟು ಹಿಂದಿರುಗುವ ದಾರಿ ಕಾರಿನ ಕವಚವೇ. ಅರ್ಥಿಂಗ್ ಸ್ಕ್ರೂ ಕೂತಿದ್ದದ್ದು ನಾನು ಅಷ್ಟು ಆಸೆಪಟ್ಟು ಹೊಡೆಸಿದ ದಪ್ಪ ಬಣ್ಣದ ಮೇಲೆ! ಸ್ಕ್ರೂ ಸುತ್ತ ಬಿಲ್ಲೆಯಗಲ ಬಣ್ಣ ಕೆರೆದು, ಲೋಹ ಹೊಳೆಯುವವರೆಗೆ ಎಮರಿ ಕಾಗದದಿಂದ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿದು, ತುಕ್ಕು ಹಿಡಿಯದಂತೆ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದೆ. ಇಂಡಿಕೇಟರ್ ಹಾಕಿದಾಗ ಪಕ್ಕದ ಪಾರ್ಕಿಂಗ್ ದೀಪವೂ ಮಿಣುಕುತ್ತಿದ್ದರೆ ಅದೂ ಇದೇ ರೋಗ.

ಉಳಿದ ಸೋರಿಕೆ ರಿಲೇ ಹಾಕಿದ ಮೇಲೆ ನಿಂತಿತು. ಹೈಗೊಂದು, ಲೋಗೊಂದು, ಬ್ಯಾಟರಿಯಿಂದ ಫ್ಯೂಸ್ ಮೂಲಕ ನೇರ ದಪ್ಪ ವೈರು. ಆಗ ಡ್ಯಾಶ್‌ಬೋರ್ಡಿನ ಸ್ವಿಚ್ ಹೊರಬೇಕಾದದ್ದು ಕಾಲು ಆಂಪಿಯರಿಗಿಂತ ಕಡಿಮೆ. ಬಲ್ಬ್ 60/55 ಇರಲಿ.

ಎಲ್‌ಇಡಿಯ ಬಗ್ಗೆ ನನ್ನದು ಖಡಾಖಂಡಿತ ಬೇಡ. ಆ ರಿಫ್ಲೆಕ್ಟರ್, ಗಾಜಿನ ಗೆರೆಗಳು ಎಲ್ಲವೂ ಫಿಲಮೆಂಟ್ ಇರುವ ಜಾಗಕ್ಕೆ ಲೆಕ್ಕ ಹಾಕಿ ಮಾಡಿದವು. ಬೆಳಕಿನ ಮೂಲ ಕೊಂಚ ಸರಿದರೂ ಎದುರಿನವರ ಕಣ್ಣು ಕುಕ್ಕುತ್ತದೆ, ನಿಮ್ಮ ರಸ್ತೆ ಕತ್ತಲೆಯಾಗಿಯೇ ಉಳಿಯುತ್ತದೆ. ಪಾಸಿಟಿವ್ ಅರ್ಥಿಂಗ್ ಇರುವ, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿಯೇ ಕವಚಕ್ಕೆ ಸೇರಿರುವ ಕಾರಾದರೆ ಎಷ್ಟೋ ಎಲ್‌ಇಡಿ ಹೊತ್ತುವುದೂ ಇಲ್ಲ. ಹಾಂ, ರಿಫ್ಲೆಕ್ಟರ್ ಉಜ್ಜಲು ಲೋಹದ ಪಾಲಿಶ್ ತಂದಿಟ್ಟಿದ್ದರೆ ಡಬ್ಬಿ ಮುಚ್ಚಿಡಿ. ತೆಳು ಲೇಪ ಬಟ್ಟೆಯೊಡನೆ ಎದ್ದುಬರುತ್ತದೆ.

ಮೊದಲು ಬ್ಯಾಟರಿಯಲ್ಲಿ ಒಂದು, ಬಲ್ಬಿನ ಪಿನ್ನುಗಳಲ್ಲಿ ಒಂದು, ಆ ಎರಡು ವೋಲ್ಟೇಜ್ ಅಳೆದು ಇಲ್ಲಿ ಬರೆಯಿರಿ. ಕಾರು 6 ವೋಲ್ಟಿನದೋ 12ರದೋ ಎಂಬುದನ್ನೂ ತಿಳಿಸಿ; 6 ಆದರೆ ಅಷ್ಟೇ ವ್ಯಾಟಿಗೆ ಕರೆಂಟು ಇಮ್ಮಡಿ, ರಿಲೇ ಮತ್ತು ವೈರು ಬೇರೆಯೇ ಆರಿಸಬೇಕಾಗುತ್ತದೆ.